ಗಾಳಿಕಿಂಡಿಯ ಸುತ್ತಲಿನ ಅಂಟು

ದರ್ಜಿ ಅಕ್ಕ ಯಾವ ಹೊಲಿಗೆಯನ್ನೂ ಎಳೆದು ನೋಡದೆ ಒಪ್ಪಿದವಳಲ್ಲ, ಯಾರ ಮಾತನ್ನೂ ಹಾಗೇ. ತಮ್ಮ ತನಗೆ ಮಾರಿದ ವ್ಯಾನಿನ ಒಳಛಾವಣಿಯಲ್ಲಿ, ಅಮ್ಮ ಮಲಗಬೇಕಾದ ಮಂಚದ ನೇರಕ್ಕೆ, ಅಂಗೈಯಗಲದ ಕಂದು ಕಲೆ ಕಂಡದ್ದೇ ತಲೆಗೆ ಹುಳ ಹೊಕ್ಕಿತು. ಮಂಚ, ಒಲೆ, ಕಪಾಟು ಎಲ್ಲ ಇದ್ದ ಆ ವ್ಯಾನಿನಲ್ಲಿ ಅಮ್ಮನನ್ನು ಮೂರು ದಿನದ ದಾರಿಯಾಚೆ ತಂಗಿಯ ಮನೆಗೆ ಕರೆದೊಯ್ಯಬೇಕು. ಅಮ್ಮನ ಎದೆ ಮೊದಲೇ ಕಫದ ಗೂಡು. ಹಾಸಿಗೆಗೆ ತೇವ ತಾಗಕೂಡದೆಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

“ಅದು ಹಳೇ ಕಲೆ ಅಕ್ಕ. ಸೋರೋದನ್ನ ಹೋದ ವರ್ಷವೇ ನಿಲ್ಸಿದೀನಿ,” ಎಂದ ತಮ್ಮ ಫೋನಿನಲ್ಲಿ.

ಮಾರಿದವನು ಇನ್ನೇನು ಹೇಳುತ್ತಾನೆ? ಅವಳು ಏಣಿ ಹತ್ತಿ, ಛಾವಣಿಯ ಗಾಳಿಕಿಂಡಿಯ ಸುತ್ತ ಇದ್ದ ಬೂದು ಅಂಟನ್ನು ಒಂದಿಂಚೂ ಬಿಡದೆ ಕೆರೆದಳು. ಸುಲಭಕ್ಕೆ ಬರಲಿಲ್ಲ. ಅದಕ್ಕೂ ಅನುಮಾನ: ಏನನ್ನು ಮುಚ್ಚಿಡಲು ಇಷ್ಟು ಬಿಗಿ?

ಅಂಟು ಮಾರುವವನಿಗೆ ಊರಿಟ್ಟ ಹೆಸರು ಗೋಂದಣ್ಣ. ತಮ್ಮನ ಗೆಳೆಯ ಬೇರೆ. ಹೊಸ ಅಂಟಿಗೆಂದು ಅವನ ಅಂಗಡಿಗೆ ಹೋದಳು.

“ಛಾವಣಿ ತಗಡಾ, ರಬ್ಬರ್ ಹಾಳೆನಾ?” ಎಂದ.

ದುಬಾರಿಯದನ್ನು ತಲೆಗೆ ಕಟ್ಟುವ ಹುನ್ನಾರವಿದು ಎಂದುಕೊಂಡಳು. “ಅಂಟು ಕೇಳಿದ್ರೆ ಮನೆತನ ವಿಚಾರಿಸ್ತೀರಲ್ಲ.”

“ಹೆಣ್ಣು ಕೊಡೋ ಮುಂಚೆ ವಿಚಾರಿಸ್ಬೇಕಲ್ಲ ಅಕ್ಕ. ಹೊಂದದಿದ್ರೆ ತವರಿಗೇ ವಾಪಸ್ ಬರುತ್ತೆ.”

ಛಾವಣಿ ಯಾವುದೆಂದು ತಿಳಿಸದೆಯೇ ಅವಳು ಸಿಲಿಕೋನಿನದೊಂದು, ತಾನೇ ಹರಡಿಕೊಂಡು ಸಂದು ಮುಚ್ಚುವ ಸೀಲಂಟಿನದೊಂದು, ಎರಡು ಟ್ಯೂಬು ತಂದು ಅಡುಗೆಮನೆಯ ಸ್ಟೀಲ್ ತಟ್ಟೆಗೆ ಬಳಿದಿಟ್ಟಳು. ಬೆಳಿಗ್ಗೆ ಹರಡುವ ಸೀಲಂಟು ಒಳಗಿನ್ನೂ ಮೆತ್ತಗಿತ್ತು. ಸಿಲಿಕೋನು ಮಾತ್ರ, ತಟ್ಟೆ ಬಗ್ಗಿದರೂ ತಾನು ಏಳಲಿಲ್ಲ. ಗೋಂದಣ್ಣ ಮೆತ್ತಗಿರುವುದನ್ನು ಕೊಟ್ಟು ಮೋಸಮಾಡಲು ನೋಡಿದ್ದ ಎಂದುಕೊಂಡು, ಗಾಳಿಕಿಂಡಿಯ ಸುತ್ತ ಸಿಲಿಕೋನನ್ನೇ ಅಂಚು ಮಡಿಸಿದಷ್ಟು ನೇರವಾಗಿ ಹಾಕಿದಳು.

ಮರುದಿನ ಉಗುರಿನಿಂದ ಎತ್ತಿದರೆ, ಸಡಿಲ ದಾರದಂತೆ ಉದ್ದಕ್ಕೂ ಕಿತ್ತು ಬಂತು. ಅದನ್ನು ಕೈಗೆ ಸುತ್ತಿಕೊಂಡೇ ಅಂಗಡಿಗೆ ಹೋದಳು.

“ಎಷ್ಟು ವರ್ಷದ ಹಳೇ ಮಾಲು ಇದು?”

ಗೋಂದಣ್ಣ ಅದನ್ನು ಮಗುಚಿ, ಅಡಿಗೆ ಹತ್ತಿದ್ದ ಬಿಳಿ ಪುಡಿಯನ್ನು ಬೆರಳಿಂದ ಒರೆಸಿ ನೋಡಿದ. “ಈ ಪುಡಿ ನೋಡಿದ್ರೆ ನಿಮ್ಮ ಛಾವಣಿ ರಬ್ಬರ್ ಹಾಳೆ. ಇದಕ್ಕೆ ಸಿಲಿಕೋನು ಹಿಡಿಯಲ್ಲ ಅಕ್ಕ. ಎಲ್ಲಿ ಹಚ್ಚಿ ನೋಡಿದ್ರಿ?”

“ಸ್ಟೀಲ್ ತಟ್ಟೆ ಮೇಲೆ.”

“ವ್ಯಾನಿಗೆ ತಟ್ಟೆ ಹೊದಿಸ್ತೀರಾ? ಇನ್ನೊಂದೇ ಸರಿಯಾದದ್ದು, ಒಣಗೋಕೆ ಟೈಮ್ ಬೇಕು ಅಷ್ಟೇ. ನಿಮ್ಮ ತಮ್ಮ ಹಾಕಿದ್ದೂ ಅದೇ. ಬೂದು ಬಣ್ಣದ್ದು. ಜಪ್ಪಯ್ಯ ಅಂದ್ರೂ ಏಳಲ್ಲ.”

“ಎದ್ದಿದೆ,” ಎಂದಳು ಅಕ್ಕ. “ಕೆರೆದುಬಿಟ್ಟೆ.”

ಗೋಂದಣ್ಣ ನಗಲಿಲ್ಲ. ನಗದಿದ್ದುದೇ ಅವಳಿಗೆ ಹೆಚ್ಚು ಚುಚ್ಚಿತು.

ಅಂಗಡಿಯ ಮೆಟ್ಟಿಲಲ್ಲೇ ನಿಂತು ತಮ್ಮನಿಗೆ ಫೋನು ಮಾಡಿ, ಮಾಡಿದ್ದನ್ನು ಹೇಳಿದಳು. “ಏಣಿ ಹತ್ಬೇಡ, ನಾನು ಬರ್ತೀನಿ,” ಎಂದ. ಆಡಿಕೊಳ್ಳಲು ಬರುತ್ತಾನೋ ಏನೋ ಎಂದುಕೊಂಡಳು. ಬಂದವನು ಹಾಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಹರಡುವ ಸೀಲಂಟು ಸುರಿದು, ಪ್ರಯಾಣವನ್ನು ಎರಡು ದಿನ ಮುಂದಕ್ಕೆ ಹಾಕಿಸಿದ.

ಎರಡನೆಯ ದಿನ ಅವನು ಬಕೆಟ್ಟು ಹಿಡಿದು ಮೇಲೆ ಹತ್ತಿದ. ಅಕ್ಕ ಒಳಗೆ ಅಮ್ಮನ ಹಾಸಿಗೆಯಲ್ಲಿ ಅಂಗಾತ ಮಲಗಿ, ಕಣ್ಣು ಮಿಟುಕಿಸದೆ ಕಲೆಯನ್ನು ನೋಡಿದಳು. ಮೇಲೆ ನೀರು ಧೊಪ್ಪನೆ ಬಿತ್ತು, ಹರಿಯಿತು, ನಿಂತಿತು. ಮುಖದ ಮೇಲೆ ಒಂದು ಹನಿಯೂ ಇಲ್ಲ.

“ಸಾಕಾ ಅಕ್ಕ?”

“ಇನ್ನೊಂದು ಬಕೆಟ್ ಸುರಿ,” ಎಂದಳು.