ಹದಿನೆಂಟು ಕಂಬಳಿ

ಬಲೂನು ಒಡೆಯುವುದಕ್ಕೂ ಐದು ವರ್ಷ ಓದಬೇಕೇ ಎಂದು ಆ ದ್ವೀಪದವರು ಯಾಸ್ನಾಳನ್ನು ಗೋಳು ಹೊಯ್ದುಕೊಂಡದ್ದು ಅಷ್ಟಿಷ್ಟಲ್ಲ. ವಾಲ್ದಿವಿಯಾದ ವಿಶ್ವವಿದ್ಯಾಲಯದಲ್ಲಿ ಅವಳದು ಶಬ್ದವಿಜ್ಞಾನದ ಕೊನೆಯ ವರ್ಷ. ಚಿಲೊಯೆ ದ್ವೀಪಗಳ ಮರದ ಇಗರ್ಜಿಗಳಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಪ್ರಬಂಧದ ವಿಷಯ. ಬಲೂನು ಒಡೆಯಬೇಕು, ಆ ಸದ್ದು ಅಡಗುವವರೆಗೆ ಅಳೆಯಬೇಕು, ಅಷ್ಟೇ. ಆದರೆ ಅಳೆಯುವಾಗ ಒಳಗೆ ನರಪಿಳ್ಳೆಯೂ ಇರಕೂಡದು. ಹಾಗಾಗಿ ಊರಿಗೆ ಊರೇ ಹೊರಗೆ ನಿಂತು ಕಿಟಕಿಗೆ ಕಿವಿ ಹಚ್ಚುತ್ತಿತ್ತು.

"ಹುಟ್ಟುಹಬ್ಬ ಯಾರ್ದವ್ವಾ? ಕೇಕು ನಮ್ಗಿಲ್ವಾ?"

ನಗುವವರು ನಗಲಿ, ದೋನ್ ಬೌದಿಲಿಯೊ ಮಾತ್ರ ನಗುತ್ತಿರಲಿಲ್ಲ. ಪಾದ್ರಿ ದೋಣಿ ಹತ್ತಿ ಬರುವುದು ಎರಡು ತಿಂಗಳಿಗೊಮ್ಮೆ. ಉಳಿದ ಭಾನುವಾರ ಪ್ರಾರ್ಥನೆ ಹೇಳಿಸುವ ಫಿಸ್ಕಾಲ್ ಆತನೇ, ಮೂವತ್ತೊಂದು ವರ್ಷದಿಂದ. ಈಗ ಹಿಂದಿನ ಬೆಂಚಿಗೆ ಒಂದಕ್ಷರವೂ ತಿಳಿಯುವುದಿಲ್ಲವೆಂದು ದೂರು. ದೂರು ಕೊಟ್ಟವಳು ಬೇರೆ ಯಾರಾದರೂ ಆಗಿದ್ದರೆ ಸಹಿಸಬಹುದಿತ್ತು. ಅವಳು ಆತನ ಸ್ವಂತ ಅಕ್ಕ, ಇಗರ್ಜಿ ಸಮಿತಿಯ ಅಧ್ಯಕ್ಷೆ ದೋನ್ಯಾ ಒರ್ಫೆಲಿನಾ. ಬರುವ ಭಾನುವಾರವೂ ಕೇಳಿಸದಿದ್ದರೆ ಫಿಸ್ಕಾಲ್ ಕೆಲಸ ಗುಡುಗಿನಂಥ ಗಂಟಲಿನ ಶಾಲೆಯ ಮೇಷ್ಟ್ರಿಗೆ ಎಂದು ಅವಳು ಸಾರಿಬಿಟ್ಟಿದ್ದಳು.

ಯಾಸ್ನಾ ಉಳಿದುಕೊಂಡದ್ದು ದೋನ್ ಬೌದಿಲಿಯೊ ಮನೆಯಲ್ಲೇ. ಬುಧವಾರ ಒಲೆಯ ಮುಂದೆ ಆಲೂಗಡ್ಡೆಯ ಮಿಲ್ಕಾವ್ ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕುತ್ತಾ ಆತ ಕೇಳಿದ: "ನನ್ನ ಗಂಟ್ಲು ಹೋಗಿದೆಯಾ ಮಗಳೇ? ಮುಚ್ಚಿಡ್ಬೇಡ."

"ಗಂಟ್ಲು ಗಟ್ಟಿಯಾಗೇ ಇದೆ ತಾತಾ. ನೀವು ಒಂದು ಮಾತು ಆಡೋದ್ರೊಳ್ಗೆ ಹಿಂದಿನ ಮಾತು ಗೋಡೆಗೆ ಬಡ್ದು ವಾಪಸ್ ಬಂದು ಅದ್ರ ಮೇಲೇ ಬೀಳ್ತಿದೆ. ಸದ್ದು ಹೀರೋದಕ್ಕೆ ಗೋಡೆಗೆ ಉಣ್ಣೆ ಕಂಬಳಿ ಹಾಕ್ಬೇಕು. ಲೆಕ್ಕ ಹಾಕಿದೀನಿ, ಹದಿನೆಂಟು."

"ಹದಿನೇಳಾದ್ರೆ?"

"ಹದಿನೆಂಟು," ಎಂದಳು ಯಾಸ್ನಾ. ಓದಿದವಳ ಗತ್ತು ಅದು, ಏನು ಮಾಡುವುದು!

ಮನೆಮನೆಯಿಂದ ಕಂಬಳಿ ಬಂದವು. ಒರ್ಫೆಲಿನಾ ಕೂಡ ಎರಡು ತಂದು, "ನೆಲಕ್ಕೆ ತಾಗ್ಸಿದ್ರೆ ನೋಡು ಮತ್ತೆ!" ಎಂದು ಗದರಿ ಹೋದಳು. ಶನಿವಾರ ಯಾಸ್ನಾ ಕೊನೆಯ ಬೆಂಚಿನಲ್ಲಿ ಕೂತಳು, ಆತ ಪೀಠದ ಬಳಿ ನಿಂತು ಒಂದು ಪುಟ ಓದಿದ. ಪ್ರತಿ ಮಾತೂ ಎದುರಿಗೇ ಕೂತು ಆಡಿದಷ್ಟು ಸ್ಪಷ್ಟ. ಮುದುಕನ ಮುಖ ಅರಳಿತು.

ಭಾನುವಾರದ ಪ್ರಾರ್ಥನೆಗೆ ಸಾಮಾನ್ಯವಾಗಿ ಹನ್ನೆರಡು ಜನ ಬಂದರೆ ಹೆಚ್ಚು. ಆವತ್ತು ತಮಾಷೆ ನೋಡಲು ಅಕ್ಕಪಕ್ಕದ ದ್ವೀಪಗಳಿಂದಲೂ ದೋಣಿ ಕಟ್ಟಿಕೊಂಡು ಬಂದರು. ಇನ್ನೂರು ಜನ, ಎಲ್ಲರ ಮೈಮೇಲೂ ಕಂಬಳಿಯಂಥ ದಪ್ಪ ಉಣ್ಣೆಯ ಪೋಂಚೊ. ದೋನ್ ಬೌದಿಲಿಯೊ ಬಾಯಿ ತೆರೆದ. ದನಿ ಮೂರನೇ ಬೆಂಚಿನಾಚೆ ಹೋಗಲಿಲ್ಲ.

"ಲೋ ಬೌದೀ," ಹಿಂದಿನಿಂದ ಒರ್ಫೆಲಿನಾ ಕೂಗಿದಳು, "ಬಾಯಾಡ್ಸೋದು ಕಾಣ್ತಿದೆ ಕಣೋ. ಅಗೀತಿದೀಯಾ, ಪ್ರಾರ್ಥನೆ ಮಾಡ್ತಿದೀಯಾ?"

ಇಗರ್ಜಿಯೆಲ್ಲ ನಕ್ಕಿತು. ಯಾಸ್ನಾಗೆ ಆಗ ಹೊಳೆಯಿತು. ಖಾಲಿ ಇಗರ್ಜಿಯನ್ನು ಅಳೆದು, ಹನ್ನೆರಡು ಜನಕ್ಕೆ ಲೆಕ್ಕ ಹಾಕಿದ್ದಳು. ಈಗ ಗೋಡೆಯ ಮೇಲೆ ಹದಿನೆಂಟು ಕಂಬಳಿಯಾದರೆ ಬೆಂಚಿನ ಮೇಲೆ ಇನ್ನೂರು! ಅವಳು ಬೆಂಚು ಹತ್ತಿ ನಿಂತಳು.

"ಕಂಬಳಿ ಇಳ್ಸಿ! ಎಲ್ಲಾ ಹೊರಗೆ ಹಾಕಿ!"

"ಬುಧವಾರ ಹಾಕು ಅಂತೀಯ, ಭಾನುವಾರ ತೆಗಿ ಅಂತೀಯ. ಇದಕ್ಕೇನಾ ಐದು ವರ್ಷ ಓದಿದ್ದು?" ಎಂದಳು ಒರ್ಫೆಲಿನಾ.

"ತಪ್ಪು ನಂದು ದೋನ್ಯಾ, ತಾತಂದಲ್ಲ. ಗೋಡೆ ಅಳ್ದೆ, ನಿಮ್ಮನ್ನ ಅಳೀಲಿಲ್ಲ. ಇನ್ನೊಂದ್ಸಲ ಕೇಳಿ, ನಿಮ್ಮ ದಮ್ಮಯ್ಯ!"

ಗೊಣಗುತ್ತಲೇ ಎದ್ದರು. ಕಂಬಳಿಗಳು ಕೈಯಿಂದ ಕೈಗೆ ದಾಟಿ ಬಾಗಿಲಾಚೆ ಹೋದವು. ಮುದುಕ ಮೊದಲಿನಿಂದ ಶುರುಮಾಡಿದ. ಯಾರೂ ಕೆಮ್ಮಲಿಲ್ಲ.

"ನಿಲ್ಸು!" ಒರ್ಫೆಲಿನಾ ಎದ್ದು ನಿಂತಿದ್ದಳು. ಮುಗಿಯಿತು, ಮುದುಕನ ಮಾನ ಕಳೆದೆನಲ್ಲ ಎಂದುಕೊಂಡಳು ಯಾಸ್ನಾ.

"ಮೂರನೇ ಸಾಲು ಎಲ್ಲೋ?"

"ಯಾವ ಸಾಲು ಅಕ್ಕಾ?"

"ಕಡಲಲ್ಲಿ ಉಳಿದೋದೋರಿಗಾಗಿ ಅನ್ನೋದು. ಅಪ್ಪ ಹೇಳ್ಕೊಟ್ಟಿದ್ದು. ಎಷ್ಟು ವರ್ಷದಿಂದ ನುಂಗ್ತಿದೀಯಾ?"

ಆತ ತಲೆ ತಗ್ಗಿಸಿದ. ಮೆಲ್ಲಗೆ ಹೇಳಿದರೂ ಈಗ ಎಲ್ಲರಿಗೂ ಕೇಳಿಸುತ್ತಿತ್ತು. "ನಮ್ಮ ಚಿಕ್ಕ ತಮ್ಮನ ದೋಣಿ ಮುಳುಗ್ದಾಗಿಂದ. ಹನ್ನೊಂದು ವರ್ಷ ಆಯ್ತು. ನಾಲಿಗೆಗೆ ಬರೋದಿಲ್ಲ ಅಕ್ಕಾ."

ಒರ್ಫೆಲಿನಾ ಕೊನೆಯ ಬೆಂಚಿನಿಂದಲೇ, ದನಿ ಏರಿಸದೆ, ಆ ಸಾಲನ್ನು ತಾನೇ ಹೇಳಿದಳು. ಅದು ಪೀಠದವರೆಗೂ ಮುಟ್ಟಿತು. ದೋನ್ ಬೌದಿಲಿಯೊ ಕಣ್ಣೊರೆಸಿಕೊಂಡು ನಾಲ್ಕನೇ ಸಾಲು ಹಿಡಿದ.

ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು.

"ನೀವ್ ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು ಒರ್ಫೆಲಿನಾ. ಆಮೇಲೆ ಪೀಠದ ಕಡೆ ತಿರುಗಿ, "ಮುಂದಿನ ವಾರಾನೂ ನೀನೇ ಹೇಳ್ಸು ಬೌದೀ. ಆ ಸಾಲು ನನಗೆ ಬಿಡು."