ಐಶಮ್‌ನ ಬಂಡಿ ಪೂರ್ವಕ್ಕೆ ತಿರುಗಿದ್ದು

೧೮೫೫ರ ಮಾರ್ಚ್ ತಿಂಗಳಲ್ಲಿ ಮತ ಹಾಕಲು ಹೋದ ನನ್ನ ಗಂಡ ಆರ್ಟೆಮಸ್ ಪೆಕ್ ಮತವನ್ನೂ ಹಾಕದೆ ಪಕ್ಕೆಲುಬು ಮುರಿಸಿಕೊಂಡು ಬಂದ.

ಕ್ಯಾನ್ಸಸ್‌ನಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ ಇಲ್ಲವೋ ಎಂಬುದನ್ನು ಅಲ್ಲಿ ನೆಲೆಸಿದವರೇ ತೀರ್ಮಾನಿಸಲಿ ಎಂದು ವಾಷಿಂಗ್ಟನ್ನಿನ ದೊಡ್ಡವರು ಕೈತೊಳೆದುಕೊಂಡಿದ್ದರು. ನಾವು ವರ್ಮಾಂಟಿನ ಕಲ್ಲುಹೊಲ ಮಾರಿ ಇಲ್ಲಿಗೆ ಬಂದದ್ದು ಆ ಮಾತು ನಂಬಿಯೇ. ಮತದ ದಿನ ನೋಡಿದರೆ ನದಿಯಾಚೆ ಗುಲಾಮರನ್ನು ಇಟ್ಟುಕೊಂಡಿದ್ದ ಮಿಸೌರಿಯವರು ಬಂಡಿಗಟ್ಟಲೆ ಬಂದಿಳಿದಿದ್ದರು. ತಮ್ಮವರೆಂಬ ಗುರುತಿಗೆ ಕೋಟಿನ ಗುಂಡಿಗೆ ಸೆಣಬಿನ ನಾರು, ಸೊಂಟದಲ್ಲಿ ಪಿಸ್ತೂಲು, ಜೊತೆಗೆ ವಿಸ್ಕಿಯ ಪೀಪಾಯಿ. ಈ ನೆಲದಲ್ಲಿ ಒಂದು ಬೇಲಿಗೂಟ ಹುಗಿಯದವರೆಲ್ಲ ಗುಲಾಮಗಿರಿಗೆ ಮತ ಹಾಕಿದರು. "ನಿಮ್ಮ ಮನೆ ಎಲ್ಲಿ?" ಎಂದು ಕೇಳಿದ್ದೇ ನನ್ನ ಗಂಡ ಮಾಡಿದ ತಪ್ಪು.

ಹಳ್ಳದ ಪಕ್ಕ ಬಿದ್ದಿದ್ದ ಅವನನ್ನು ಮನೆಗೆ ತಂದದ್ದು ನೆರೆಯ ಐಶಮ್ ಟ್ರಾಟರ್. ಅಂಥ ದಿನ ಕರಿಯ ಮನುಷ್ಯನೊಬ್ಬ ಆ ದಾರಿಯಲ್ಲಿ ಕಣ್ಣಿಗೆ ಬಿದ್ದರೆ, ಓಡಿಬಂದ ಗುಲಾಮನೆಂದು ಕಟ್ಟಿಕೊಂಡು ಹೋಗಿ ಮಾರಿಬಿಡುತ್ತಿದ್ದರು. ಹಾಗಿದ್ದೂ ಅವನು ಎತ್ತು ಕಟ್ಟಿಕೊಂಡು ಹೋಗಿದ್ದ.

"ಅಕ್ಕೋರೇ, ಬಾಗ್ಲು ಅಗಲ ಮಾಡಿ," ಎಂದು ಅಂಗಳದಿಂದಲೇ ಕೂಗಿದ. "ಹೆದರ್ಬೇಡಿ. ಪೆಕ್ ಅವ್ರು ದಾರಿಯುದ್ದಕ್ಕೂ ಬೈಕೊಂಡೇ ಬಂದ್ರು. ಬೈಯೋಕೆ ಉಸಿರಿದೆ ಅಂದ್ರೆ ಬದುಕ್ತಾರೆ."

ಐಶಮ್ ಕರೋಲಿನಾದಲ್ಲಿ ಹುಟ್ಟಿದವನು. ತಾಯಿ ಸ್ವತಂತ್ರಳಾದ್ದರಿಂದ ಅವನೂ ಸ್ವತಂತ್ರ. ಅಲ್ಲಿನ ಕಾಟ ತಾಳಲಾರದೆ ಇಂಡಿಯಾನಾಕ್ಕೆ ಬಂದು ಕಾಡು ಕಡಿದು ಹೊಲ ಮಾಡಿದ್ದ. ಆಮೇಲೆ ಇಂಡಿಯಾನಾದವರು ಇನ್ನು ಕರಿಯರು ಒಳಗೆ ಬರಕೂಡದು, ಇದ್ದವರು ಕಚೇರಿಗೆ ಹೋಗಿ ಹೆಸರು ಬರೆಸಬೇಕು ಎಂದು ಕಟ್ಟಲೆ ಮಾಡಿದರು. "ನಾನೇ ಕಡಿದ ಕಾಡಲ್ಲಿ ನಾನು ಯಾರು ಅಂತ ಬರೆಸ್ಬೇಕಂತೆ," ಎಂದು ಹೆಂಡತಿ ಮಹೇಲಾಳನ್ನು ಕರೆದುಕೊಂಡು ಮತ್ತೆ ಪಶ್ಚಿಮದ ದಾರಿ ಹಿಡಿದಿದ್ದ. ಆರ್ಟೆಮಸ್‌ಗಿಂತ ಎಷ್ಟೋ ಹಿರಿಯ. ಆದರೂ ಅವನು ನನ್ನ ಗಂಡನನ್ನು "ಪೆಕ್ ಅವ್ರೇ" ಎನ್ನುತ್ತಿದ್ದ, ನನ್ನ ಗಂಡ ಅವನನ್ನು "ಐಶಮ್, ಬಾ ಇಲ್ಲಿ" ಎನ್ನುತ್ತಿದ್ದ. ಅದು ಸರಿಯಲ್ಲವೆಂದು ಆಗ ನನಗೂ ಹೊಳೆದಿರಲಿಲ್ಲ.

ಇಲ್ಲಿನ ಹುಲ್ಲುಗಾವಲನ್ನು ಮೊದಲ ಸಲ ಉಳುವುದು ಒಂದು ಜೋಡಿ ಎತ್ತಿನಿಂದ ಆಗುವ ಕೆಲಸವಲ್ಲ. ಬೇರುಗಳು ಚಾಪೆಯಂತೆ ಹೆಣೆದುಕೊಂಡಿರುತ್ತವೆ. ನಮ್ಮಲ್ಲಿದ್ದದ್ದು ಒಂದೇ ಜೋಡಿ. ಆರ್ಟೆಮಸ್ ಹಾಸಿಗೆಯಲ್ಲಿ ನರಳುತ್ತಿದ್ದಾಗ ಐಶಮ್ ತನ್ನ ಎತ್ತುಗಳನ್ನೂ ನಮ್ಮವನ್ನೂ ಸೇರಿಸಿ ಕಟ್ಟಿ ಮೊದಲು ನಮ್ಮ ಹೊಲ ಉತ್ತ, ತನ್ನದನ್ನು ಆಮೇಲೆ. ಆಗಸ್ಟ್‌ನಲ್ಲಿ ನಾನು ಚಳಿಜ್ವರದಲ್ಲಿ ನಡುಗುತ್ತಲೇ ಹೆತ್ತೆ. ಮಹೇಲಾ ನನ್ನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು, "ಕಿರುಚು ತಂಗಿ, ಸಂಕೋಚ ಬೇಡ. ಮೈಲಿಗೊಂದು ಮನೆ ಇರೋ ಊರಲ್ಲಿ ಯಾರು ಕೇಳಿಸ್ಕೋತಾರೆ?" ಎಂದಳು. ನನ್ನ ಮಗಳನ್ನು ಮೊದಲು ಎತ್ತಿಕೊಂಡವಳು ಅವಳೇ.

ಮಿಸೌರಿಯವರ ಮತದಿಂದ ಹುಟ್ಟಿದ ಶಾಸನಸಭೆಯನ್ನು ನಾವು ಯಾರೂ ಒಪ್ಪಲಿಲ್ಲ. ನಮ್ಮ ಕಡೆಯವರು ಟೊಪೀಕಾದಲ್ಲಿ ಸೇರಿ ಗುಲಾಮಗಿರಿಯಿಲ್ಲದ ತಮ್ಮದೇ ಸಂವಿಧಾನ ಬರೆದರು. ಅದಕ್ಕೆ ಡಿಸೆಂಬರ್‌ನಲ್ಲಿ ಜನರ ಒಪ್ಪಿಗೆ ಕೇಳುವುದೆಂದಾಯಿತು. ನಾನು ಹಿಗ್ಗಿದೆ. ಆಮೇಲೆ ತಿಳಿಯಿತು, ಅವತ್ತೇ ಇನ್ನೊಂದು ಪ್ರಶ್ನೆಗೂ ಮತ ಹಾಕಬೇಕಂತೆ: ಕರಿಯರು, ಸ್ವತಂತ್ರರಾದರೂ ಸರಿ, ಕ್ಯಾನ್ಸಸ್‌ಗೆ ಬರದಂತೆ ಕಾನೂನು ಮಾಡಬೇಕೋ ಬೇಡವೋ?

ನಮ್ಮ ಭಾಗದ ಮುಂದಾಳು ಲೈಸ್ಯಾಂಡರ್ ಕಾಬ್ ಎಂಬವನು. ಇಲಿನಾಯ್‌ನವನು, ಗಟ್ಟಿ ಗಂಟಲಿನವನು. ಕರಿಯರು ಬೇಡವೆಂದೇ ಮತ ಹಾಕಬೇಕೆಂದು ಅವನು ನಮ್ಮ ಮನೆಗೆ ಬಂದು ಹೇಳಿಹೋದ ಮಾರನೆಯ ಬೆಳಿಗ್ಗೆ, ಹಾಲು ಕರೆಯುತ್ತಿದ್ದ ಗಂಡನ ಬಳಿ ಹೋಗಿ ನಿಂತೆ.

"ರೀ, ಗುಲಾಮಗಿರಿ ಬೇಡ ಅಂತ ತಾನೇ ನಾವು ಬಂದಿದ್ದು?"

"ಹೌದು. ಆದ್ರೆ ಬಂದೋರೆಲ್ಲ ನಮ್ಮ ಥರ ಇಲ್ವಲ್ಲ. ಕಾಬ್ ಕಡೆಯೋರೇ ಜಾಸ್ತಿ. ಅವರಿಗೆ ಕರಿಯ ಗುಲಾಮನೂ ಬೇಡ, ಕರಿಯ ರೈತನೂ ಬೇಡ. ಅವರು ಮುನಿಸ್ಕೊಂಡ್ರೆ ಪಕ್ಷ ಒಡೆಯುತ್ತೆ. ಮಿಸೌರಿಯೋರಿಗೆ ಹಬ್ಬ."

"ಹಾಗಾದ್ರೆ ಐಶಮ್?"

"ಒಬ್ಬ ಐಶಮ್‌ಗೋಸ್ಕರ ಇಡೀ ನಾಡು ಕಳ್ಕೊಳ್ಳೋದಾ, ಲೊವೀನಾ?"

"ನೀವು ಮಲಗಿದ್ದಾಗ ನೇಗಿಲು ಹಿಡಿದಿದ್ದು ಇಡೀ ನಾಡಲ್ಲ. ಆ ಒಬ್ಬನೇ."

ಅವನು ಬಕೆಟ್ ಎತ್ತಿಕೊಂಡು ಹೊರಟುಹೋದ. ನಾನು ಅಲ್ಲೇ ನಿಂತು ಹಸುವಿನ ಬೆನ್ನಿಗೆ ಹಣೆ ಒತ್ತಿದೆ. ನನಗೆ ಮಾತಿತ್ತು, ಮತವಿರಲಿಲ್ಲ.

ಮತದಾನ ನಡೆದದ್ದು ನಮ್ಮ ಮನೆಯಲ್ಲೇ. ಸುತ್ತಮುತ್ತ ಹಲಗೆ ಹಾಸಿದ ನೆಲ ಇದ್ದ ಮನೆ ನಮ್ಮದೊಂದೇ. ಊಟದ ಮೇಜಿನ ಮೇಲೆ ನನ್ನವೇ ಎರಡು ಟೀ ಡಬ್ಬಿ ಇಟ್ಟರು, ಸಂವಿಧಾನಕ್ಕೊಂದು, ಕರಿಯರ ಪ್ರಶ್ನೆಗೊಂದು. ಒಲೆಯ ಮೇಲೆ ಹಂದಿಮಾಂಸ ಹಾಕಿದ ಬೀನ್ಸ್ ಕಾಳು ಬೇಯುತ್ತಿತ್ತು. ಗಂಡಸರು ಬೂಟಿನ ಹಿಮ ಕೊಡವಿ ಒಳಗೆ ಬಂದು, ಚೀಟಿ ಹಾಕಿ, ಊಟ ಆಗಲೆಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರು.

"ತಾಯಿ, ಅರ್ಧ ಜನ ಬಂದಿರೋದು ನಿಮ್ಮ ಜೋಳದ ರೊಟ್ಟಿ ವಾಸನೆಗೆ," ಎಂದು ಕಾಬ್ ನಕ್ಕ. ನಾನು ನಗಲಿಲ್ಲ.

ಆರ್ಟೆಮಸ್ ಚೀಟಿ ಹಾಕುವಾಗ ನನಗೆ ಬೆನ್ನು ತಿರುಗಿಸಿದ್ದ. ಆ ಬೆನ್ನನ್ನು ನೋಡಿಯೇ ನನಗೆ ಅರ್ಥವಾಯಿತು.

ಆಗಲೇ ಬಾಗಿಲು ತೆರೆಯಿತು. ಐಶಮ್ ಹೆಗಲ ಮೇಲೆ ಹಂದಿಯ ತೊಡೆ ಹೊತ್ತು ನಿಂತಿದ್ದ. ಹಿಂದಿನ ದಿನ ಅವನ ಮನೆಯಲ್ಲಿ ಹಂದಿ ಕಡಿದಿದ್ದರು. ಅದು ನಮ್ಮ ಪಾಲು.

"ನಿನಗೇನಪ್ಪ ಇಲ್ಲಿ ಕೆಲಸ?" ಎಂದ ಕಾಬ್.

"ಕೆಲಸ ಹೆಗಲ ಮೇಲಿದೆಯಲ್ಲ." ಐಶಮ್ ಒಳಗೆ ಬಂದು ಮಾಂಸವನ್ನು ಡಬ್ಬಿಗಳ ಪಕ್ಕದಲ್ಲೇ ಇಳಿಸಿದ. "ಇದರಲ್ಲಿ ನನ್ನ ಡಬ್ಬಿ ಯಾವುದು?"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಕಾಬ್ ಗಂಟಲು ಸರಿಮಾಡಿಕೊಂಡ.

"ನಿನ್ನ ಮೇಲೆ ನಮಗೇನೂ ದ್ವೇಷ ಇಲ್ಲ ಕಣಯ್ಯಾ. ನೀನು ಒಳ್ಳೆ ಮನುಷ್ಯ. ಆದ್ರೆ ಒಬ್ಬನಿಗೆ ಬಾಗ್ಲು ತೆಗೆದ್ರೆ ಹಿಂದೆ ಸಾವಿರ ಜನ ನುಗ್ತಾರೆ."

"ಇಂಡಿಯಾನಾದೋರೂ ಇದೇ ಅಂದ್ರು. ಅಲ್ಲೂ ನಾನು ಒಳ್ಳೆ ಮನುಷ್ಯನೇ ಆಗಿದ್ದೆ."

ಆಮೇಲೆ ಅವನು ನನ್ನ ಗಂಡನ ಕಡೆ ತಿರುಗಿದ. "ಆರ್ಟೆಮಸ್, ನೀನು ಏನು ಹಾಕ್ದೆ?"

ಪೆಕ್ ಅವ್ರೇ ಎನ್ನಲಿಲ್ಲ. ಎಲ್ಲರಿಗೂ ಅದು ಕೇಳಿಸಿತು. ಆರ್ಟೆಮಸ್ ಕೆಂಪಾದ.

"ಐಶಮ್, ನೀನು ಆಗಲೇ ಇಲ್ಲಿ ಇರೋನು. ಇದು ಹೊಸದಾಗಿ ಬರೋರಿಗೆ. ನಿನ್ನನ್ನ ಯಾರೂ ಮುಟ್ಟಲ್ಲ. ನಾನಿದ್ದೀನಲ್ಲ."

"ನಾನು ಕೇಳಿದ್ದು ಅದಲ್ಲ."

"ನೋಡು, ಮೊದಲು ಮಿಸೌರಿಯೋರನ್ನ ಓಡಿಸ್ಬೇಕು. ಉಳಿದದ್ದು ಆಮೇಲೆ—"

"ಸಾಕು ಬಿಡು," ಎಂದ ಐಶಮ್. ನನ್ನ ಕಡೆ ತಿರುಗಿ, "ಅಕ್ಕೋರೇ, ಮಾಂಸಕ್ಕೆ ಇವತ್ತೇ ಉಪ್ಪು ಹಚ್ಚಿ," ಎಂದು ಹೇಳಿ ಹೊರಟುಹೋದ.

ನಾನು ಬಟ್ಟೆ ಹಿಡಿದು ಕಾಳಿನ ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಬಡಿಸುತ್ತಾಳೆಂದು ಎಲ್ಲರೂ ತಟ್ಟೆಯ ಕಡೆ ಕೈ ಚಾಚಿದರು. ನಾನು ಅವರ ನಡುವೆಯೇ ನಡೆದು ಅಂಗಳಕ್ಕೆ ಹೋಗಿ, ಪಾತ್ರೆಯನ್ನು ಹಿಮದ ಮೇಲೆ ಬೋರಲು ಹಾಕಿದೆ. ಹಬೆ ಎದ್ದಿತು. ಕಾಬ್‌ನ ನಾಯಿಗಳು ಓಡಿಬಂದವು.

"ಲೊವೀನಾ!" ಎಂದು ಆರ್ಟೆಮಸ್ ಬಾಗಿಲಲ್ಲಿ ನಿಂತು ಕೂಗಿದ.

"ನನಗೆ ಡಬ್ಬಿ ಇಲ್ವಲ್ಲ," ಎಂದೆ. "ಇದೇ ನನ್ನ ಮತ."

ಅದರಿಂದ ಏನು ಬಂತು? ಗಂಡಸರು ಹಸಿದ ಹೊಟ್ಟೆಯಲ್ಲಿ ಗೊಣಗುತ್ತಾ ಮನೆಗೆ ಹೋದರು, ನಾಯಿಗಳು ಹೊಟ್ಟೆತುಂಬ ತಿಂದವು, ನನ್ನ ಬೆರಳು ಬೊಬ್ಬೆ ಎದ್ದಿತು. ಡಬ್ಬಿ ತೆರೆದಾಗ ಕರಿಯರು ಬೇಡ ಎಂದವರೇ ಹೆಚ್ಚು. ನಾಡಿನಲ್ಲೆಲ್ಲ ಹಾಗೆಯೇ ಆಗಿತ್ತು. ಗುಲಾಮಗಿರಿ ಬೇಡ ಎಂದು ಜಯಘೋಷ ಮಾಡಿದ ಬಾಯಿಗಳೇ ಅದನ್ನೂ ಹೇಳಿದ್ದವು.

ಚಳಿಗಾಲ ಮುಗಿಯುವ ಹೊತ್ತಿಗೆ ಮಹೇಲಾ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತತೊಡಗಿದ್ದಳು. ಕರಿಯರು ಬರಕೂಡದೆಂಬ ಕಟ್ಟಲೆ ಇಲ್ಲದ ಕೆನಡಾಕ್ಕೆ ಹೋಗುತ್ತೇವೆಂದಳು.

"ಇರಿ ಮಹೇಲಕ್ಕ," ಎಂದು ಅವಳ ಕೈ ಹಿಡಿದೆ. "ಯಾರು ಬಂದು ಏಳಿಸ್ತಾರೆ ನಿಮ್ಮನ್ನ? ನಾನು ಬಿಡಲ್ಲ."

"ನೀನೇನು ಮಾಡ್ತೀಯ ತಂಗಿ? ಕಾಳು ಚೆಲ್ತೀಯಾ?" ಎಂದಳು. ನಗುತ್ತಲೇ ಅಂದಳು, ಆದರೆ ಕೈ ಬಿಡಿಸಿಕೊಂಡಳು. "ಮನೆ ಕಟ್ಟೋ ಶಕ್ತಿ ಐಶಮ್‌ಗೆ ಇನ್ನೊಂದೇ ಸಲಕ್ಕೆ ಉಳಿದಿರೋದು. ಅದನ್ನ ಇಲ್ಲಿ ಹಾಳು ಮಾಡಲ್ಲ."

ಹೊರಟ ದಿನ ಆರ್ಟೆಮಸ್ ನಮ್ಮ ಒಂದು ಕಡಸನ್ನು ಹಗ್ಗ ಹಾಕಿ ಎಳೆದುಕೊಂಡು ಹೋಗಿ ಅವರ ಬಂಡಿಯ ಹತ್ತಿರ ನಿಂತ.

"ಇದನ್ನ ಇಟ್ಕೋ ಐಶಮ್. ದಾರೀಲಿ ಬೇಕಾಗುತ್ತೆ."

"ಬೇಡ."

"ಮತ್ತೇನು ಕೊಡ್ಲಿ, ಹೇಳು."

"ಅವತ್ತು ನೀನು ಹಾಕಿದ್ದೇನು ಅಂತ ನಿನ್ನ ಬಾಯಿಂದ ಹೇಳು. ಅಷ್ಟು ಸಾಕು."

ನನ್ನ ಗಂಡ ಕಡಸಿನ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಅವತ್ತಿನ ಪರಿಸ್ಥಿತಿ ಹೇಗಿತ್ತು ಅಂದ್ರೆ..." ಎಂದು ಶುರುಮಾಡಿದ. ಐಶಮ್ ಕಾಯಲಿಲ್ಲ. ಮಾತು ಅರ್ಧದಲ್ಲಿದ್ದಾಗಲೇ ಎತ್ತುಗಳನ್ನು ಪೂರ್ವಕ್ಕೆ ಹೊಡೆದ. ಆ ದಾರಿಯಲ್ಲಿ ಬರುತ್ತಿದ್ದ ಬಂಡಿಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿದ್ದವು. ಅವಕ್ಕೆ ದಾರಿ ಬಿಡಲು ಅವರ ಬಂಡಿ ಮತ್ತೆ ಮತ್ತೆ ಹುಲ್ಲಿಗೆ ಇಳಿಯಬೇಕಾಯಿತು. ಮಹೇಲಾ ಒಮ್ಮೆ ಕೈಯೆತ್ತಿದಳು. ಅವನು ತಿರುಗಿ ನೋಡಲಿಲ್ಲ.

ತಿಂಗಳೊಳಗೆ ಕಾಬ್‌ನ ಭಾವಮೈದ ಆ ಹೊಲಕ್ಕೆ ಬಂದು ಕೂತ.

ಜುಲೈಯಲ್ಲಿ ಸರ್ಕಾರದ ಸೈನ್ಯವೇ ಟೊಪೀಕಾಕ್ಕೆ ಬಂದು ನಮ್ಮವರ ಸಭೆಯನ್ನು ಚದುರಿಸಿತು. ವಾಷಿಂಗ್ಟನ್ ಆ ಸಂವಿಧಾನವನ್ನು ಒಪ್ಪಲೇ ಇಲ್ಲ. ಸುದ್ದಿ ತಿಳಿದ ದಿನ ಆರ್ಟೆಮಸ್ ಹೊಲದಿಂದ ಬಂದು ಟೋಪಿ ತೆಗೆದು ಕೂತ.

"ನೋಡಿದ್ಯಾ?" ಎಂದ. "ಎಲ್ಲಾ ಬಿದ್ದುಹೋಯ್ತು. ಆ ಕರಿಯರ ಕಾನೂನೂ ಬರಲಿಲ್ಲ. ಐಶಮ್ ಸುಮ್ನೆ ಅವಸರಪಟ್ಟ. ಇದ್ದಿದ್ರೆ ಯಾರೂ ಏನೂ ಮಾಡ್ತಿರಲಿಲ್ಲ."

ಅವನ ದನಿಯಲ್ಲಿ ನೆಮ್ಮದಿ ಇತ್ತು. ಅದನ್ನೇ ನನಗೆ ಸಹಿಸಲಾಗಲಿಲ್ಲ.

"ನೀವು ಇವತ್ತಿಗೂ ಹೇಳಲಿಲ್ಲ," ಎಂದೆ.

"ಏನು?"

"ಅವತ್ತು ಏನು ಹಾಕಿದ್ರಿ ಅಂತ."

"ನಿನಗೆ ಗೊತ್ತಲ್ಲ."

"ಗೊತ್ತು. ಆದ್ರೂ ಹೇಳಿ."

ಅವನು ಟೋಪಿಯನ್ನು ಮತ್ತೆ ತಲೆಗೇರಿಸಿದ. ಆಮೇಲೆ ಎದ್ದು, ಕಳೆ ಕೀಳುವುದು ಉಳಿದಿದೆ ಎಂದು ಹೊಲಕ್ಕೆ ಹೋದ.