ಚನ್ನಗಿರಿ ತಾಲೂಕು, ಶಿವಮೊಗ್ಗ ಜಿಲ್ಲೆ

ನಲವತ್ತು ವರ್ಷ ಭದ್ರಾವತಿಯಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ಊರವರ ಅರ್ಜಿ, ಕರಾರು, ಪಾಲುಪಟ್ಟಿ ಬರೆದವನು ನಾನು. ನನ್ನ ಕಾಗದದಲ್ಲಿ ಒಂದು ತಪ್ಪು ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವನೂ ನಾನೇ. ಈಗ ಶಿವಮೊಗ್ಗದ ಗೋಪಾಳದಲ್ಲಿ ಸುಖವಾಗಿದ್ದೇನೆ. ಬೆಳಿಗ್ಗೆ ಪೇಪರ್ ಓದಿ ಅದರಲ್ಲಿನ ತಪ್ಪುಗಳಿಗೆ ಕೆಂಪು ಗೆರೆ ಎಳೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಹೋದ ತಿಂಗಳು ಒಂದು ದಿನ ಐವತ್ತು ದಾಟಿದ ಹೆಂಗಸೊಬ್ಬಳು ಗೇಟಿನ ಹತ್ತಿರ ನಿಂತು, "ಬಿಕ್ಕಲಂ ರೇಣುಕಾಪ್ರಸಾದ್ ಅವರ ಮನೆ ಇದೇನಾ?" ಎಂದು ಕೇಳಿದಳು. ಬಿಕ್ಕಲಂ ಎಂದರೆ ಪತ್ರ ಬರೆದವನು ಕೊನೆಯಲ್ಲಿ ಸಹಿ ಹಾಕುವ ಜಾಗ. ಅದನ್ನು ಬಿರುದಿನ ಹಾಗೆ ನನ್ನ ಹೆಸರಿಗೆ ಅಂಟಿಸಿದ್ದು ಕೇಳಿ ನನ್ನ ಹೆಂಡತಿ ಜಯಶೀಲಾ ಅಡುಗೆಮನೆಯಲ್ಲಿ ನಕ್ಕಳು.

"ನಾನೇ ಕಣಮ್ಮ. ಒಳಗೆ ಬಾ."

ಅವಳ ಹೆಸರು ಉಚ್ಚಂಗಮ್ಮ. ಚನ್ನಗಿರಿ ತಾಲೂಕಿನವಳು. ಗಂಡ ತೀರಿಕೊಂಡು ಹತ್ತು ವರ್ಷವಾಗಿದೆ. ಅಪ್ಪ ಹುಲಿಯಪ್ಪ ಬದುಕಿದ್ದಾಗಲೇ ತನ್ನ ನಾಲ್ಕು ಎಕರೆಯಲ್ಲಿ ಎರಡನ್ನು ಮಗಳಿಗೆ, ಎರಡನ್ನು ಮಗ ಪ್ರಕಾಶನಿಗೆ ಎಂದು ಪಾಲುಪಟ್ಟಿ ಬರೆಸಿದ್ದ. ತನ್ನ ಪಾಲಿನ ಹೊಲವನ್ನು ಇಪ್ಪತ್ತೇಳು ವರ್ಷದಿಂದ ಅವಳೇ ಉತ್ತು ಬಿತ್ತುತ್ತಿದ್ದಾಳೆ. ಪಹಣಿ ಮಾತ್ರ ಸತ್ತ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ಈಗ ಕಂದಾಯ ಇಲಾಖೆಯವರು ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸಿ ಎಂದು ಊರೂರಿಗೆ ಬಂದು ಕೇಳುತ್ತಿದ್ದಾರೆ. ಇವಳು ಪಾಲುಪಟ್ಟಿ ಕೊಟ್ಟಳು. ಅಣ್ಣ ಅದು ಸುಳ್ಳು ಕಾಗದ ಎಂದು ತಕರಾರು ಹಾಕಿದ.

"ಸಾಕ್ಷಿ ಹಾಕಿದ ಇಬ್ಬರೂ ಸತ್ತಿದಾರೆ ಸ್ವಾಮಿ. ಬರೆದೋರು ನೀವೊಬ್ರೇ ಉಳಿದಿರೋದು. ನಾಡಿದ್ದು ಸೋಮವಾರ ತಾಲೂಕು ಕಚೇರೀಲಿ ವಿಚಾರಣೆ. ಅಷ್ಟರೊಳಗೆ ಅಣ್ಣ ತಕರಾರು ವಾಪಸ್ ತಗೊಳ್ಳದಿದ್ರೆ ಕೋರ್ಟಿಗೆ ಹೋಗಿ ಅಂತಾರಂತೆ. ನನಗೆ ಕೋರ್ಟು ಎಲ್ಲಿ ಆಗತ್ತೆ? ಆ ಹೊಲ ಹೋದ್ರೆ ನಾನು ಕೂಲಿಗೆ ಹೋಗಬೇಕು."

"ಸುಳ್ಳು ಅನ್ನೋಕೆ ಏನು ಕಾರಣ ಹೇಳ್ತಾನೆ ನಿಮ್ಮಣ್ಣ?"

"ಜಿಲ್ಲೆ ಹೆಸರು ತಪ್ಪಿದೆಯಂತೆ," ಎಂದು ಅವಳು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಕೊಟ್ಟಳು. ನನ್ನದೇ ಅಕ್ಷರ, ಮುತ್ತು ಪೋಣಿಸಿದ ಹಾಗಿತ್ತು. ತಾರೀಖು ಫೆಬ್ರವರಿ ೧೯೯೮. ಷೆಡ್ಯೂಲಿನಲ್ಲಿ ಸರ್ವೆ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಎಲ್ಲ ಸರಿ. ಆಮೇಲೆ ಆ ಸಾಲು: ಚನ್ನಗಿರಿ ತಾಲೂಕು, ಶಿವಮೊಗ್ಗ ಜಿಲ್ಲೆ.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

೧೯೯೭ರ ಆಗಸ್ಟ್ ಹದಿನೈದಕ್ಕೆ ದಾವಣಗೆರೆ ಹೊಸ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ಮೂರು ತಾಲೂಕು, ಬಳ್ಳಾರಿಯಿಂದ ಹರಪನಹಳ್ಳಿ, ನಮ್ಮ ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ. ನಾನು ಹುಟ್ಟಿದ್ದು ಚನ್ನಗಿರಿ ತಾಲೂಕಿನಲ್ಲಿ. ನಮ್ಮ ಊರಿಗೆ ಸಂತೆ ಭದ್ರಾವತಿ, ಆಸ್ಪತ್ರೆ ಶಿವಮೊಗ್ಗ, ಹೆಣ್ಣು ಕೊಟ್ಟು ತಂದದ್ದೆಲ್ಲ ಈ ಕಡೆಯೇ. ಯಾರನ್ನೂ ಒಂದು ಮಾತು ಕೇಳದೆ ಬೇಲಿ ಕಿತ್ತು ಆಚೆ ನೆಟ್ಟರು ಎಂದು ನನಗೆ ಉರಿದುಹೋಯಿತು. ಜಿಲ್ಲೆ ಮಾಡುವುದು ಜನಕ್ಕೆ ಕಚೇರಿ ಹತ್ತಿರವಾಗಲಿ ಎಂದು, ಅದು ಗೊತ್ತು. ಆದರೂ ಸಿಟ್ಟಿಗೆ ಬುದ್ಧಿ ಎಲ್ಲಿದೆ? ಸರ್ಕಾರ ಬೇಕಾದ್ದು ಬರೆದುಕೊಳ್ಳಲಿ, ನನ್ನ ಪೆನ್ನಿನಲ್ಲಿ ಚನ್ನಗಿರಿ ಶಿವಮೊಗ್ಗ ಜಿಲ್ಲೆಯೇ ಎಂದು ಹಠ ಹಿಡಿದೆ. ಕಚೇರಿಗೆ ಹೋಗುವ ಅರ್ಜಿಗಳಲ್ಲಿ ಆ ಆಟ ನಡೆಯುತ್ತಿರಲಿಲ್ಲ, ವಾಪಸ್ ಬರುತ್ತಿದ್ದವು. ಜನ ಮನೆಯ ಟ್ರಂಕಿನಲ್ಲಿ ಇಟ್ಟುಕೊಳ್ಳುವ ಕಾಗದಗಳಲ್ಲಿ ಒಂದೂವರೆ ವರ್ಷ ಹಾಗೇ ಬರೆದೆ. ಆಮೇಲೆ ಸಿಟ್ಟು ತಾನಾಗಿ ಇಳಿಯಿತು. ಕಾಗದಗಳು ಟ್ರಂಕಿನಲ್ಲೇ ಉಳಿದವು.

"ನಿನ್ನ ಹೆಸರಿನ ದೇವರನ್ನೇ ನೋಡು ತಾಯಿ," ಎಂದೆ, ಏನಾದರೂ ಹೇಳಬೇಕಲ್ಲ ಎಂದು. "ಉಚ್ಚಂಗಿದುರ್ಗದ ಅಮ್ಮ ಬೆಟ್ಟದ ಮೇಲಿಂದ ಒಂದು ಗೇಣು ಕದಲಿಲ್ಲ. ಬಳ್ಳಾರಿ ಜಿಲ್ಲೆ ಇದ್ದದ್ದು ದಾವಣಗೆರೆ ಆಯ್ತು, ಮತ್ತೆ ಬಳ್ಳಾರಿ ಆಯ್ತು, ಈಗ ವಿಜಯನಗರ."

"ಅಮ್ಮನಿಗೆ ಪಹಣಿ ಬೇಡ ಸ್ವಾಮಿ. ನನಗೆ ಬೇಕು," ಎಂದಳು.

ಅವಳು ಹೋದ ಮೇಲೆ ಜಯಶೀಲಾ ನನ್ನ ಎದುರು ಕೂತಳು.

"ನೀವೇ ಬೇಕಂತ ಬರೆದದ್ದಲ್ವಾ ಅದು?"

"ಹೌದು ಮಾರಾಯ್ತಿ. ಆದ್ರೆ ಹಂಗೆ ಬರೆದದ್ದು ಅದೊಂದೇ ಅಲ್ಲ, ಅರವತ್ತೋ ಎಪ್ಪತ್ತೋ ಇದಾವೆ. ಇವತ್ತು ಒಪ್ಕೊಂಡ್ರೆ ನಾಳೆ ಎಲ್ಲರೂ ಗೇಟಿಗೆ ಬಂದು ನಿಲ್ತಾರೆ."

"ನಿಲ್ಲಲಿ ಬಿಡಿ. ಹೆಂಗೂ ಪೇಪರಿಗೆ ಗೆರೆ ಎಳೀತಾ ಕೂತಿರ್ತೀರಿ. ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ನೆ ಹೇಳಿದಾರಾ?"

ಮರುದಿನ ಭಾನುವಾರ. ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಪ್ರಕಾಶ ಕಾಗದನಗರದಲ್ಲಿ, ಮುಚ್ಚಿಹೋದ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ. ನಾನು ಫೋನಿನಲ್ಲಿ ಹೇಳಿದ್ದಕ್ಕೆ ಉಚ್ಚಂಗಮ್ಮ ಆಗಲೇ ಬಂದು ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಅಣ್ಣನ ಮನೆಯಲ್ಲಿ ಕುರ್ಚಿ ಇರಲಿಲ್ಲ ಎಂದಲ್ಲ, ಅವಳು ಅದರ ಮೇಲೆ ಕೂತಿರಲಿಲ್ಲ. ಪ್ರಕಾಶನ ಹೆಂಡತಿ ಪುಷ್ಪಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು.

ಪ್ರಕಾಶ ಅರವತ್ತರ ಮನುಷ್ಯ, ಮಾತು ಮೆತ್ತಗೆ. "ನೀವು ದೊಡ್ಡೋರು, ಇಷ್ಟು ದೂರ ಬಂದಿದೀರಿ. ಆದ್ರೂ ಕೇಳ್ತೀನಿ ಸ್ವಾಮಿ. ತೊಂಬತ್ತೆಂಟರಲ್ಲಿ ಚನ್ನಗಿರಿ ಶಿವಮೊಗ್ಗ ಜಿಲ್ಲೇಲಿ ಇತ್ತಾ? ಇರ್ಲಿಲ್ಲ. ಆಮೇಲೆ ಯಾರೋ ಕೂತು ಸೃಷ್ಟಿ ಮಾಡಿ, ಹಳೇ ತಾರೀಖು ಹಾಕಿದಾರೆ ಅಂತ ನಮ್ಮ ವಕೀಲರೇ ಅಂತಾರೆ. ಅಪ್ಪ ಇಂಥದ್ದೊಂದು ಬರೆಸಿದ್ದೇ ನನಗೆ ಗೊತ್ತಿಲ್ಲ."

"ಸೃಷ್ಟಿ ಅಲ್ಲಪ್ಪ. ನಾನೇ ಬರೆದದ್ದು, ಅವತ್ತೇ ಬರೆದದ್ದು. ನಿಮ್ಮಪ್ಪ ನನ್ನ ಮೇಜಿನ ಮುಂದೆ ಕೂತು ಹೆಬ್ಬೆಟ್ಟು ಒತ್ತಿದ."

"ಹಂಗಾದ್ರೆ ಜಿಲ್ಲೆ ತಪ್ಪು ಬರೆದ್ರಿ ಅಂತ ಒಪ್ಕೊಳ್ಳಿ."

ಒಪ್ಪಿಕೊಳ್ಳಲೆಂದೇ ಬಂದಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದೆ. ಆದರೆ ಬೇರೆಯವನ ಬಾಯಿಂದ ತಪ್ಪು ಎಂಬ ಮಾತು ಬಂದದ್ದೇ ತಡ, ನಲವತ್ತು ವರ್ಷದ ಜಂಬ ಎದ್ದು ಕೂತಿತು.

"ತಪ್ಪಲ್ಲ ಅದು, ನನ್ನ ಹಠ. ಗೊತ್ತಿದ್ದೇ ಬರೆದೆ. ಬರೆದು ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ತಲೆ ಆಡಿಸಿದ್ರು. ನನ್ನೆದುರು ನಿಂತು ಇದು ತಪ್ಪು ಅನ್ನೋ ಗಂಡಸು ಆಗ ಭದ್ರಾವತೀಲಿ ಒಬ್ಬ ಇರ್ಲಿಲ್ಲ, ತಿಳ್ಕೋ."

ಪ್ರಕಾಶ ಲೋಟ ಕೆಳಗಿಟ್ಟ. ಮುಖ ಕೆಂಪಾಗಿತ್ತು.

"ಇರ್ಲಿಲ್ವಾ? ನಾನು ಹೇಳ್ಲಿಲ್ವಾ ನಿಮಗೆ? ಈಗ ದಾವಣಗೆರೆ ಆಗಿದೆ, ಸರಿಯಾಗಿ ಬರೀರಿ ಸ್ವಾಮಿ ಅಂತ ಎರಡು ಸಲ ಹೇಳ್ದೆ. ಬರೆಯೋನು ನೀನಾ ನಾನಾ, ಎದ್ದು ಆಚೆ ಹೋಗು ಅಂತ ಅಷ್ಟು ಜನರ ಮುಂದೆ, ಅಪ್ಪನ ಮುಂದೆ, ನಾಯಿ ಓಡಿಸಿದಂಗೆ..."

ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳಿಬಿಟ್ಟೆ ಎಂದು ಅವನಿಗೆ ತಿಳಿಯಿತು. ನಮಗೂ ತಿಳಿಯಿತು. ಪುಷ್ಪಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ನನಗೆ ಆ ದಿನ ಆಗ ನೆನಪಾಯಿತು. ಹುಲಿಯಪ್ಪನ ಹಿಂದೆ ಕೈಕಟ್ಟಿ ಕೂತಿದ್ದ ಒಬ್ಬ ಮಗ. ನಾನು ಗದರಿದ ಮೇಲೆ ಸಹಿ ಹಾಕದೆ ಹೊರಟುಹೋದ. ಬಿಡಿ, ಆಮೇಲೆ ಹಾಕ್ತಾನೆ ಎಂದು ಹುಲಿಯಪ್ಪ ಅಂದಿದ್ದ. ಎಷ್ಟೋ ಜನರನ್ನು ಹಾಗೆ ಗದರಿದ್ದೆ, ಇವನ ಮುಖ ನನ್ನ ಮನಸ್ಸಿನಲ್ಲಿ ಉಳಿದೇ ಇರಲಿಲ್ಲ.

ಉಚ್ಚಂಗಮ್ಮ ನೆಲದಿಂದ ಏಳಲಿಲ್ಲ, ದನಿ ಏರಿಸಲೂ ಇಲ್ಲ.

"ಅಣ್ಣ, ನೀನು ಅಲ್ಲೇ ಇದ್ಯಾ?"

ಅವನು ಹೆಂಡತಿಯ ಕಡೆ ನೋಡಿದ.

"ನಾನು ಬಾಣಂತಿ, ಮನೇಲಿದ್ದೆ. ಅಪ್ಪ ಬಂದು ಕಾಗದ ನನ್ನ ಕೈಗಿಟ್ಟ. ಅಣ್ಣಂಗೂ ಗೊತ್ತು ಕಣವ್ವ ಅಂದ. ಅಪ್ಪ ಏನೋ ನನ್ನ ಸಮಾಧಾನಕ್ಕೆ ಹೇಳಿದ್ದು ಅಂತ ಅನ್ಕೊಂಡಿದ್ದೆ. ಊರಲ್ಲೆಲ್ಲ ನನ್ನ ಸುಳ್ಳಿ ಮಾಡಿದ್ಯಲ್ಲ ಅಣ್ಣ. ಹೊಲಕ್ಕೆ ಹೋಗೋವಾಗ ತಲೆ ಎತ್ತೋಕಾಗ್ತಿರ್ಲಿಲ್ಲ."

"ತಪ್ಪು ನಂದು ಪ್ರಕಾಶ," ಎಂದೆ. ಈ ಸಲ ಮಾತು ಸಲೀಸಾಗಿ ಬಂತು. "ಜಿಲ್ಲೆ ಬರೆದದ್ದೂ ತಪ್ಪು, ನಿನ್ನ ಎಬ್ಬಿಸಿ ಕಳಿಸಿದ್ದೂ ತಪ್ಪು. ನೀನು ಹೇಳಿದ್ದೇ ಸರಿ ಇತ್ತು."

ಅವನು ಲೋಟ ಪಕ್ಕಕ್ಕೆ ಸರಿಸಿದ. "ಆ ಸಿಟ್ಟು ನಿಮ್ಮ ಮೇಲಿತ್ತು ಸ್ವಾಮಿ. ತೀರಿಸ್ಕೊಂಡಿದ್ದು ಇವಳ ಮೇಲೆ. ಮನೆ ಕಟ್ಟೋಕೆ ಜಾಗ ಇಲ್ಲ, ಕ್ವಾರ್ಟರ್ಸ್ ಇವತ್ತೋ ನಾಳೆಯೋ ಬಿಡಬೇಕು. ನಾಲ್ಕೆಕರೇನೂ ನನ್ನ ಹೆಸರಿಗೆ ಬಂದ್ರೆ ಮಾರಬಹುದು ಅಂತ ಯೋಚನೆ ಬಂತು. ಕಾಗದದಲ್ಲಿ ಏನಾದ್ರೂ ತಪ್ಪಿದ್ಯಾ ಅಂತ ವಕೀಲರು ಕೇಳಿದಾಗ ಮೊದಲು ಬಾಯಿಗೆ ಬಂದದ್ದೇ ಅದು."

"ತಕರಾರು ಬಿಟ್ಟುಬಿಡ್ರಿ," ಎಂದಳು ಪುಷ್ಪಮ್ಮ. ಅವಳು ಆ ಮನೆಯಲ್ಲಿ ಆಡಿದ್ದು ಅದೊಂದೇ ಮಾತು.

ನಾನು ಬಿಳಿ ಹಾಳೆ ತೆಗೆದೆ. ತಕರಾರು ವಾಪಸ್ ಪಡೆಯುವ ಅರ್ಜಿ ಒಂದು, ಪಾಲುಪಟ್ಟಿಯಲ್ಲಿ ಜಿಲ್ಲೆಯ ಹೆಸರು ತಪ್ಪಾಗಿ ಬರೆದವನು ನಾನೇ ಎಂಬ ಹೇಳಿಕೆ ಇನ್ನೊಂದು. ಅಕ್ಷರ ಮೊದಲಿನ ಹಾಗೆ ಬರಲಿಲ್ಲ. ಪ್ರಕಾಶ ಎರಡನ್ನೂ ನಿಧಾನವಾಗಿ ಓದಿದ. ನಾನು ಸುಮ್ಮನೆ ಕಾದೆ. ಆಮೇಲೆ ಅವನು ಅರ್ಜಿಗೆ ಸಹಿ ಹಾಕಿದ, ನಾನು ಹೇಳಿಕೆಗೆ ಹಾಕಿದೆ.

ಉಚ್ಚಂಗಮ್ಮ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿ ಎದ್ದಳು. ಖುಷಿ ಅವಳ ಮುಖದಲ್ಲಿ ನನಗೇನೂ ಕಾಣಲಿಲ್ಲ. ಹೊಲ ಉಳಿದಿತ್ತು, ಆದರೆ ಅಣ್ಣನಿಗೆ ಗೊತ್ತಿತ್ತು ಎನ್ನುವುದು ಅವಳಿಗೆ ಹೊಸದು. ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಳು.

"ಅಣ್ಣ, ಪ್ರತಿ ವರ್ಷ ಆ ಹೊಲದ ಅವರೆ ತಂದು ಈ ಬಾಗಿಲಲ್ಲಿ ಇಳಿಸಿ ಹೋಗ್ತಿದ್ದೆ. ನೀವು ಬೇಯಿಸ್ಕೊಂಡು ತಿಂತಿದ್ರಿ. ಈ ಸಲ ನಾನು ತರಲ್ಲ."

ಪ್ರಕಾಶ ಎದ್ದು ಬಾಗಿಲಿಗೆ ಬಂದ.

"ನೀನೇ ಬಾ. ಊರ ಮುಂದಿನ ದಾರೀಲೇ ನಡ್ಕೊಂಡು ಬಾ, ಎಲ್ಲರೂ ನೋಡಲಿ. ನನ್ನ ಹೊಲದಲ್ಲಿ ನನ್ನ ಜೊತೆ ನಿಂತು ಬಿಡಿಸ್ಕೊಂಡು ಹೋಗು."

"ಬರ್ತೀನಿ ಕಣವ್ವ," ಎಂದ ಪ್ರಕಾಶ. ಅವನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅವಳು ಆಗಲೇ ರಸ್ತೆಗೆ ಇಳಿದಿದ್ದಳು.